ಕರಾವಳಿಯ ಮನೆಯಲ್ಲಿ ಮಿಶ್ರ ತಳಿಯ ಪುಟ್ಟ ನಾಯಿ

ಪೂರ್ತಿ ಬೆಳೆದ ಮೇಲೂ ಹತ್ತು ಕಿಲೋ ದಾಟದ, ಎರಡು ಅಥವಾ ಹೆಚ್ಚು ತಳಿಗಳ ರಕ್ತ ಬೆರೆತ ನಾಯಿಯನ್ನು ಮಿಶ್ರ ತಳಿಯ ಸಣ್ಣ ನಾಯಿ ಎನ್ನಬಹುದು. ಉಡುಪಿಯ ಕಡಿಯಾಳಿ, ಇಂದ್ರಾಳಿ, ಮಣಿಪಾಲದ ಮನೆ ಮತ್ತು ಫ್ಲ್ಯಾಟುಗಳಲ್ಲಿ, ಕಾಪು, ಕಾರ್ಕಳದ ಅಂಗಳಗಳಲ್ಲಿ ಇಂಥ ನಾಯಿಗಳು ಧಾರಾಳ. ಕೆಲವು ಪೊಮೆರೇನಿಯನ್ ಮತ್ತು ಊರ ನಾಯಿಯ ಕೂಡುವಿಕೆಯಿಂದ ಹುಟ್ಟಿದವು. ಕೆಲವಕ್ಕೆ ಡ್ಯಾಶ್‌ಹೌಂಡಿನ ಗಿಡ್ಡ ಕಾಲು, ಕೆಲವಕ್ಕೆ ಲ್ಹಾಸಾ ಆಪ್ಸೋದ ಉದ್ದ ಕೂದಲು. ಇಂಥ ನಾಯಿಗೆ ತಳಿಯ ಕೈಪಿಡಿ ಎಂಬುದಿಲ್ಲ. ಅದರ ಆರೈಕೆಯನ್ನು ನಿರ್ಧರಿಸುವುದು ಎರಡು ಸಂಗತಿಗಳು: ಅದರ ಪುಟ್ಟ ದೇಹ ಮತ್ತು ಅದು ಬದುಕುವ ಊರಿನ ಹವೆ.

ಈ ಭಾಗದಲ್ಲಿ ‘ಪೊಮೆರೇನಿಯನ್’ ಎಂದು ಕರೆಯಲಾಗುವ ಬಿಳಿ ನಾಯಿ ಬಹುಮಟ್ಟಿಗೆ ಇಂಡಿಯನ್ ಸ್ಪಿಟ್ಜ್. ಬ್ರಿಟಿಷರ ಕಾಲದಲ್ಲಿ ಯುರೋಪಿನಿಂದ ಬಂದ ಸ್ಪಿಟ್ಜ್ ನಾಯಿಗಳು ಇಲ್ಲಿನ ಸೆಖೆಗೆ ಒಗ್ಗುತ್ತ ಬಂದು ಈ ತಳಿಯಾಯಿತು. 1994ರ ‘ಹಮ್ ಆಪ್ಕೆ ಹೈ ಕೌನ್’ ಸಿನಿಮಾದ ಟಫಿ ಇದೇ ಜಾತಿಯದು. ಇದಕ್ಕೂ ಊರ ನಾಯಿಗೂ ಹುಟ್ಟಿದ ಮರಿಗಳು ಸಾಮಾನ್ಯವಾಗಿ ಗಿಡ್ಡ ಕೂದಲಿನ, ಚೂಪು ಮೂತಿಯ, ಚುರುಕು ನಾಯಿಗಳಾಗುತ್ತವೆ. ಹೊರಗೆ ಸಣ್ಣ ಸದ್ದಾದರೂ ಬೊಗಳುವ ಸ್ವಭಾವ ಎರಡು ಕಡೆಯಿಂದಲೂ ಬಂದಿರುತ್ತದೆ.

ಬೆರಕೆಯ ಲಾಭ ಎಷ್ಟು?

ಬೆರಕೆ ನಾಯಿಗೆ ರೋಗವೇ ಬರುವುದಿಲ್ಲ ಎಂಬ ನಂಬಿಕೆ ವ್ಯಾಪಕವಾಗಿದೆ. ಅದು ಅರ್ಧ ಸತ್ಯ. ಹತ್ತಿರದ ಸಂಬಂಧಿ ನಾಯಿಗಳನ್ನೇ ಕೂಡಿಸಿ ಮರಿ ಮಾಡಿಸಿದಾಗ ದೋಷಯುಕ್ತ ವಂಶವಾಹಿಗಳು ಜೋಡಿಯಾಗಿ ಕಾಯಿಲೆಯಾಗಿ ಹೊರಬೀಳುತ್ತವೆ. ಇಂಥ ಮರಿ ಮಾರಾಟ ದಂಧೆಯ ಕ್ರೌರ್ಯವನ್ನು ಕಾಸರಗೋಡಿನ ಕಿರಣ್‌ರಾಜ್ ನಿರ್ದೇಶಿಸಿ, ಉಡುಪಿಯವರಾದ ರಕ್ಷಿತ್ ಶೆಟ್ಟಿ ನಟಿಸಿದ ‘777 ಚಾರ್ಲಿ’ 2022ರಲ್ಲಿ ಮನೆಮನೆಗೆ ತಲುಪಿಸಿತು. ಬೆರಕೆಯಲ್ಲಿ ಈ ಅಪಾಯ ಕಡಿಮೆ. ಆದರೆ ಇಲ್ಲವಾಗುವುದಿಲ್ಲ. ಅಮೆರಿಕದ ಡೇವಿಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ 27 ಸಾವಿರಕ್ಕೂ ಹೆಚ್ಚು ನಾಯಿಗಳ ದಾಖಲೆ ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆನುವಂಶಿಕವೆನಿಸಿದ 24 ತೊಂದರೆಗಳ ಪೈಕಿ 10 ಶುದ್ಧ ತಳಿಗಳಲ್ಲಿ ಹೆಚ್ಚಾಗಿ ಕಂಡವು. 13ರಲ್ಲಿ ವ್ಯತ್ಯಾಸವೇ ಇರಲಿಲ್ಲ. ಮೊಣಕಾಲಿನ ಅಸ್ಥಿರಜ್ಜು ಹರಿಯುವ ಒಂದು ತೊಂದರೆ ಮಾತ್ರ ಬೆರಕೆ ನಾಯಿಗಳಲ್ಲೇ ಹೆಚ್ಚಿತ್ತು.

ಸಣ್ಣ ಗಾತ್ರ ತನ್ನದೇ ತೊಂದರೆಗಳನ್ನು ತರುತ್ತದೆ. ಮಂಡಿಚಿಪ್ಪು ಜಾರುವುದು ಅವುಗಳಲ್ಲೊಂದು: ಓಡುತ್ತಿದ್ದ ನಾಯಿ ನಾಲ್ಕು ಹೆಜ್ಜೆ ಹಿಂಗಾಲೊಂದನ್ನು ಎತ್ತಿಕೊಂಡು ಕುಪ್ಪಳಿಸಿ ಮತ್ತೆ ಸರಿಯಾಗಿ ಓಡುತ್ತದೆ. ನುಣುಪು ಟೈಲ್ಸ್ ನೆಲ ಮತ್ತು ಸೋಫಾದಿಂದ ಜಿಗಿಯುವ ಅಭ್ಯಾಸ ಇದನ್ನು ಹೆಚ್ಚಿಸುತ್ತವೆ. ನಾಯಿ ಓಡಾಡುವಲ್ಲಿ ಚಾಪೆ ಹಾಸಿದರೆ ಅನುಕೂಲ. ಶ್ವಾಸನಾಳ ಕುಸಿಯುವುದು ಇನ್ನೊಂದು. ಕುತ್ತಿಗೆಗೆ ಬೆಲ್ಟ್ ಕಟ್ಟಿ ಎಳೆದಾಗ ಒಣಕೆಮ್ಮು ಬರುವ ಪುಟ್ಟ ನಾಯಿಗೆ ಎದೆಯನ್ನು ಸುತ್ತುವ ಹಾರ್ನೆಸ್ ಒಳ್ಳೆಯದು. ಮೂರನೆಯದು ಹಲ್ಲು. ಚಿಕ್ಕ ದವಡೆಯಲ್ಲಿ 42 ಹಲ್ಲುಗಳು ಒತ್ತಾಗಿ ನಿಂತು ಕೊಳೆ ಬೇಗ ಸೇರುತ್ತದೆ. ಏಳು ತಿಂಗಳಾದರೂ ಬೀಳದ ಹಾಲುಹಲ್ಲನ್ನು ವೈದ್ಯರಿಂದ ಕೀಳಿಸಬೇಕು. ವಾರಕ್ಕೆ ಮೂರು ನಾಲ್ಕು ಸಲವಾದರೂ ನಾಯಿಗಳಿಗೆಂದೇ ಇರುವ ಪೇಸ್ಟಿನಿಂದ ಹಲ್ಲುಜ್ಜಬೇಕು. ಮನುಷ್ಯರ ಪೇಸ್ಟ್ ನುಂಗಲು ಯೋಗ್ಯವಲ್ಲ.

ಮರಿ ಮನೆಗೆ ಬಂದಾಗ

ಎಂಟು ವಾರ ತುಂಬುವ ಮೊದಲು ಮರಿಯನ್ನು ತಾಯಿಯಿಂದ ಬೇರ್ಪಡಿಸಬಾರದು. ಎಷ್ಟು ಜೋರಾಗಿ ಕಚ್ಚಿದರೆ ನೋವಾಗುತ್ತದೆ ಎಂಬುದನ್ನು ಮರಿ ಕಲಿಯುವುದು ಒಡಹುಟ್ಟಿದವುಗಳ ಜೊತೆ ಆಡುತ್ತಲೇ. ತಂದೆ ಯಾರೆಂದು ಗೊತ್ತಿಲ್ಲದ ಮರಿ ಎಷ್ಟು ದೊಡ್ಡದಾಗುತ್ತದೆ ಎಂದು ಊಹಿಸಲು ಒಂದು ಸರಳ ಲೆಕ್ಕವಿದೆ. ಸಣ್ಣ ನಾಯಿ ನಾಲ್ಕು ತಿಂಗಳಿಗೆ ತನ್ನ ಪೂರ್ಣ ತೂಕದ ಸುಮಾರು ಅರ್ಧ ಮುಟ್ಟಿರುತ್ತದೆ ಮತ್ತು ಹತ್ತು ತಿಂಗಳ ಹೊತ್ತಿಗೆ ಬೆಳವಣಿಗೆ ಹೆಚ್ಚುಕಡಿಮೆ ಮುಗಿದಿರುತ್ತದೆ.

ದತ್ತು ಪಡೆಯುವವರಿಗೆ ಮಲ್ಪೆಯ ಮಧ್ವರಾಜ್ ಅನಿಮಲ್ ಕೇರ್ ಟ್ರಸ್ಟ್, ಮಂಗಳೂರಿನ ಶಕ್ತಿನಗರದ ಅನಿಮಲ್ ಕೇರ್ ಟ್ರಸ್ಟ್‌ನಂಥ ಸಂಸ್ಥೆಗಳಿವೆ. ಮಣಿಪಾಲದಂಥ ವಿದ್ಯಾರ್ಥಿಗಳ ಊರಿನಲ್ಲಿ ಇನ್ನೊಂದು ಪ್ರಶ್ನೆಯೂ ಏಳುತ್ತದೆ. ಕೋರ್ಸು ನಾಲ್ಕೈದು ವರ್ಷದ್ದು, ಸಣ್ಣ ನಾಯಿಯ ಆಯುಸ್ಸು 12ರಿಂದ 15 ವರ್ಷ. ಓದು ಮುಗಿದ ಮೇಲೆ ನಾಯಿ ಯಾರ ಜೊತೆ ಹೋಗುತ್ತದೆ ಎಂಬುದು ಮರಿ ತರುವ ಮೊದಲೇ ತೀರ್ಮಾನವಾಗಬೇಕು. ಇಂದ್ರಾಳಿಯ ನಿಲ್ದಾಣದಿಂದ ರೈಲಿನಲ್ಲಿ ನಾಯಿಯನ್ನು ಕರೆದೊಯ್ಯಲು ಅವಕಾಶವಿದೆ: ಮೊದಲ ದರ್ಜೆಯ ಎಸಿ ಬೋಗಿಯಲ್ಲಿ ಪೂರ್ತಿ ಕೂಪೆ ಕಾದಿರಿಸಿ, ಇಲ್ಲವೇ ಗಾರ್ಡ್ ವ್ಯಾನಿನ ನಾಯಿಪೆಟ್ಟಿಗೆಯಲ್ಲಿ. ಎರಡಕ್ಕೂ ಲಸಿಕೆಯ ದಾಖಲೆ ಮತ್ತು ಪಶುವೈದ್ಯರ ಆರೋಗ್ಯ ಪತ್ರ ಜೊತೆಗಿರಬೇಕು.

ಮೂರರಿಂದ ಹದಿನಾಲ್ಕು ವಾರಗಳ ನಡುವೆ ಮರಿ ಏನೇನು ಕಂಡು ಕೇಳುತ್ತದೋ ಅದನ್ನೆಲ್ಲ ಸಹಜವೆಂದು ಒಪ್ಪಿಕೊಳ್ಳುತ್ತದೆ. ಮಿಕ್ಸಿಯ ಸದ್ದು, ಕೊಡೆ, ಹೆಲ್ಮೆಟ್, ಮಕ್ಕಳು, ತೆಂಗಿನಕಾಯಿ ಕೀಳಲು ಬಂದವರು, ಬಸ್ಸಿನ ಹಾರ್ನು ಎಲ್ಲವೂ ಈ ಅವಧಿಯಲ್ಲೇ ಪರಿಚಯವಾಗಬೇಕು. ಲಸಿಕೆ ಪೂರ್ತಿಯಾಗದ ಮರಿಯನ್ನು ನೆಲಕ್ಕಿಳಿಸದೆ ಎತ್ತಿಕೊಂಡೇ ಇದನ್ನು ಮಾಡಬಹುದು. ಶೌಚದ ಪಾಠಕ್ಕೆ ಹೊಡೆತ ಬೇಕಿಲ್ಲ. ಮರಿ ನಿದ್ದೆಯಿಂದ ಎದ್ದ ಕೂಡಲೇ, ಉಂಡ ಮೇಲೆ, ಆಡಿ ಮುಗಿಸಿದ ಮೇಲೆ ಒಂದೇ ಜಾಗಕ್ಕೆ ಕರೆದೊಯ್ದು, ಕೆಲಸ ಮುಗಿದ ತಕ್ಷಣ ಚೂರು ತಿಂಡಿ ಕೊಟ್ಟರೆ ಕೆಲವೇ ವಾರಗಳಲ್ಲಿ ಅದು ಕಲಿಯುತ್ತದೆ. ಮಳೆಗಾಲದಲ್ಲಿ ಅಂಗಳಕ್ಕಿಳಿಯಲು ಒಪ್ಪದ ನಾಯಿಗಳಿಗಾಗಿ ಮಾಡಿನ ಕೆಳಗೆ ಅಥವಾ ಬಾಲ್ಕನಿಯಲ್ಲಿ ಮರಳಿನ ತಟ್ಟೆಯೊಂದನ್ನು ಮೊದಲೇ ರೂಢಿ ಮಾಡಿಸುವುದು ಜಾಣತನ.

ಲಸಿಕೆ ಮತ್ತು ಜಂತುಹುಳು

ಆರರಿಂದ ಎಂಟು ವಾರದ ಮರಿಗೆ ಡಿಸ್ಟೆಂಪರ್, ಪಾರ್ವೊ, ಹೆಪಟೈಟಿಸ್ ವಿರುದ್ಧದ ಮೊದಲ ಲಸಿಕೆ ಬೀಳಬೇಕು. ತಾಯಿಯ ಹಾಲಿನಿಂದ ಬಂದ ರೋಗನಿರೋಧಕ ಅಂಶ ದೇಹದಲ್ಲಿರುವಷ್ಟು ಕಾಲ ಲಸಿಕೆ ಪೂರ್ತಿ ಕೆಲಸ ಮಾಡುವುದಿಲ್ಲ. ಆದ್ದರಿಂದಲೇ ಅದನ್ನು ಎರಡರಿಂದ ನಾಲ್ಕು ವಾರಗಳಿಗೊಮ್ಮೆ, 16 ವಾರ ತುಂಬುವವರೆಗೆ ಮತ್ತೆ ಮತ್ತೆ ಕೊಡುತ್ತಾರೆ. ಒಂದೇ ಚುಚ್ಚುಮದ್ದು ಕೊಡಿಸಿ ಸುಮ್ಮನಾದ ಮನೆಗಳಲ್ಲಿ ಮರಿ ರಕ್ತಭೇದಿಯಿಂದ ಸಾಯುವುದುಂಟು. ಅದಕ್ಕೆ ಕಾರಣವಾದ ಪಾರ್ವೊ ವೈರಾಣು ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುವುದರಿಂದ ಅಂಥ ಮನೆಗೆ ಹೊಸ ಮರಿ ತರುವ ಮೊದಲು ನೆಲವನ್ನು ಬ್ಲೀಚಿನ ದ್ರಾವಣದಿಂದ ತೊಳೆಯಬೇಕು.

ರೇಬೀಸ್ ಲಸಿಕೆ ಮೂರು ತಿಂಗಳಿಗೆ, ಆಮೇಲೆ ವೈದ್ಯರು ಹೇಳಿದ ಬೂಸ್ಟರ್, ಮುಂದೆ ಪ್ರತಿವರ್ಷ. ‘ನಮ್ಮ ನಾಯಿ ಮನೆ ಬಿಟ್ಟು ಹೋಗುವುದೇ ಇಲ್ಲ’ ಎಂಬುದು ಲಸಿಕೆ ತಪ್ಪಿಸಲು ಕಾರಣವಲ್ಲ. ಬೀದಿನಾಯಿ, ಬೆಕ್ಕು ಗೇಟಿನೊಳಗೆ ಬರುತ್ತವೆ. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಆ ಹೊತ್ತಿಗೆ ಪಶುಪಾಲನಾ ಇಲಾಖೆಯ ಆಸ್ಪತ್ರೆಗಳಲ್ಲಿ ಉಚಿತ ಲಸಿಕಾ ಶಿಬಿರಗಳು ನಡೆಯುತ್ತವೆ. ಸ್ವಂತ ನಾಯಿಯೇ ಕಚ್ಚಿದರೂ, ಹಲ್ಲು ತಾಗಿ ಗೀರಾದರೂ ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಬೇಕು. ಸುಣ್ಣ, ಅರಸಿನ, ಮೆಣಸಿನ ಪುಡಿ ಹಚ್ಚುವುದು ಅಪಾಯ.

ಕರಾವಳಿಯಲ್ಲಿ ಇನ್ನೊಂದು ಲಸಿಕೆಗೆ ವಿಶೇಷ ಮಹತ್ವವಿದೆ, ಇಲಿಜ್ವರದ್ದು. ಲೆಪ್ಟೊಸ್ಪೈರಾ ಎಂಬ ಈ ಬ್ಯಾಕ್ಟೀರಿಯಾ ಇಲಿಯ ಮೂತ್ರದಿಂದ ಗದ್ದೆ, ತೋಡು, ಅಂಗಳದ ನಿಂತ ನೀರಿಗೆ ಸೇರಿ, ಗಾಯಗೊಂಡ ಚರ್ಮದ ಮೂಲಕ ನಾಯಿಗೂ ಮನುಷ್ಯರಿಗೂ ತಗಲುತ್ತದೆ. ಉಡುಪಿ ಜಿಲ್ಲೆಯಲ್ಲಿ ಮಳೆಗಾಲ ಬಂತೆಂದರೆ ಇಲಿಜ್ವರದ ಪ್ರಕರಣಗಳೂ ಬರುತ್ತವೆ. ಸೋಂಕಿತ ನಾಯಿಯ ಮೂತ್ರವೂ ರೋಗ ಹರಡಬಲ್ಲದು. ಈ ಲಸಿಕೆಯ ಬಲ ಸುಮಾರು ಒಂದು ವರ್ಷ. ಹಾಗಾಗಿ ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲು, ವಾರ್ಷಿಕ ಡೋಸ್ ಮುಗಿದಿದ್ದರೆ ಒಳ್ಳೆಯದು.

ಜಂತುಹುಳುವಿನ ಔಷಧ ಎರಡು ವಾರದ ಮರಿಯಿಂದಲೇ ಶುರು. ಮೂರು ತಿಂಗಳವರೆಗೆ ಎರಡು ವಾರಕ್ಕೊಮ್ಮೆ, ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ಅನಂತರ ಮೂರು ತಿಂಗಳಿಗೊಮ್ಮೆ. ಕೊಕ್ಕೆಹುಳುವಿನ ಮರಿಗಳು ತೇವದ ಮರಳಿನಲ್ಲಿ ಬದುಕಿದ್ದು, ಬರಿಗಾಲಲ್ಲಿ ನಡೆಯುವವರ ಚರ್ಮದೊಳಗೆ ತೂರಿ ಹಾವಿನಂಥ ಕೆಂಪು ಗೀರು ಎಬ್ಬಿಸುತ್ತವೆ. ಕಾಪು, ಮಲ್ಪೆಯ ಕಡಲತೀರಕ್ಕೆ ನಾಯಿಯನ್ನು ಒಯ್ಯುವವರು ಅದರ ಮಲವನ್ನು ಎತ್ತಿಕೊಂಡೇ ಬರಬೇಕಾದುದು ಇದಕ್ಕೇ.

ತಟ್ಟೆಯಲ್ಲಿ ಏನಿರಬೇಕು?

ಗಂಜಿ ಉಂಡು ಬೆಳೆದ ನಾಯಿಗಳ ನಾಡಿದು. ಅನ್ನ ನಾಯಿಗೆ ಆಗಿಬರುವುದಿಲ್ಲ ಎಂಬುದು ತಪ್ಪು. ಮನುಷ್ಯರ ಜೊತೆ ಬದುಕುತ್ತ ನಾಯಿಗಳು ತೋಳಗಳಿಗಿಂತ ಚೆನ್ನಾಗಿ ಪಿಷ್ಟ ಜೀರ್ಣಿಸುವ ಶಕ್ತಿ ಗಳಿಸಿದವು ಎಂಬುದನ್ನು 2013ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಸ್ವೀಡನ್ನಿನ ವಿಜ್ಞಾನಿಗಳ ವಂಶವಾಹಿ ಅಧ್ಯಯನ ತೋರಿಸಿತು. ತೊಂದರೆ ಇರುವುದು ಅನ್ನ ಮಾತ್ರ ಹಾಕುವುದರಲ್ಲಿ. ಬೆಳೆದ ನಾಯಿಯ ಆಹಾರದಲ್ಲಿ, ನೀರಿನ ಅಂಶ ಬಿಟ್ಟು, ಕನಿಷ್ಠ ಶೇ. 18ರಷ್ಟು ಪ್ರೋಟೀನ್ ಇರಬೇಕು; ಬೆಳೆಯುವ ಮರಿಗೆ ಶೇ. 22ಕ್ಕೂ ಮೇಲೆ. ಕುಚ್ಚಲಕ್ಕಿ ಅನ್ನಕ್ಕೆ ಹಾಲೋ ಮಜ್ಜಿಗೆಯೋ ಕಲಸಿದರೆ ಅಷ್ಟು ಸಿಗುವುದಿಲ್ಲ. ಮೀನು ತಿನ್ನುವ ಮನೆಯಲ್ಲಿ ಉಪ್ಪು ಖಾರವಿಲ್ಲದೆ ಬೇಯಿಸಿ ಮುಳ್ಳು ಬಿಡಿಸಿದ ಬೂತಾಯಿ, ಬಂಗುಡೆ ಒಳ್ಳೆಯ ಆಹಾರ. ಒಣಮೀನು ಬೇಡ, ಅದರ ಉಪ್ಪು ಸಣ್ಣ ದೇಹಕ್ಕೆ ಹೆಚ್ಚಾಗುತ್ತದೆ. ಸಸ್ಯಾಹಾರಿ ಮನೆಗಳಲ್ಲಿ ಪನೀರ್, ಗಟ್ಟಿ ಮೊಸರು, ಚೆನ್ನಾಗಿ ಬೆಂದ ಬೇಳೆಯ ಜೊತೆಗೆ ಸಮತೋಲಿತ ಸಿದ್ಧ ಆಹಾರವನ್ನೂ ಸೇರಿಸುವುದು ಸುರಕ್ಷಿತ. ಕ್ಯಾಲ್ಸಿಯಂ ಮತ್ತು ಜೀವಸತ್ವಗಳ ಪ್ರಮಾಣಕ್ಕೆ ವೈದ್ಯರ ಸಲಹೆ ಬೇಕು.

ಪ್ರಮಾಣದ ವಿಷಯದಲ್ಲೇ ಸಣ್ಣ ನಾಯಿಗಳು ಹೆಚ್ಚಾಗಿ ಕೆಡುವುದು. ಆರು ಕಿಲೋ ತೂಗುವ, ಸಂತಾನಹರಣ ಶಸ್ತ್ರಕ್ರಿಯೆಯಾದ ವಯಸ್ಕ ನಾಯಿಗೆ ದಿನಕ್ಕೆ ಬೇಕಾದ ಶಕ್ತಿ ಸುಮಾರು 430 ಕ್ಯಾಲರಿ. ನೂರು ಗ್ರಾಂ ಬೆಂದ ಅನ್ನದಲ್ಲಿ 130, ಒಂದು ಮೊಟ್ಟೆಯಲ್ಲಿ 70, ಒಂದು ಮಾರಿ ಬಿಸ್ಕತ್ತಿನಲ್ಲಿ ಸುಮಾರು 25 ಕ್ಯಾಲರಿ ಇರುತ್ತದೆ. ಚಹಾದ ಹೊತ್ತಿಗೆ ಮನೆಯ ಐವರು ತಲಾ ಒಂದು ಬಿಸ್ಕತ್ತು ಹಾಕಿದರೆ ದಿನದ ಪಾಲಿನ ಕಾಲುಭಾಗಕ್ಕೂ ಹೆಚ್ಚು ಅಲ್ಲಿಗೇ ಮುಗಿಯಿತು. ಪಕ್ಕೆ ಸವರಿದಾಗ ಎಲುಬು ಬೆರಳಿಗೆ ಸಿಗಬೇಕು, ಮೇಲಿನಿಂದ ನೋಡಿದರೆ ಸೊಂಟ ಕಾಣಬೇಕು. ಅಷ್ಟಿದ್ದರೆ ತೂಕ ಸರಿಯಾಗಿದೆ ಎಂದರ್ಥ. ತೀರಾ ಪುಟ್ಟ ಮರಿಗಳಿಗೆ ಮಾತ್ರ ದಿನಕ್ಕೆ ನಾಲ್ಕು ಹೊತ್ತು ಆಹಾರ ಬೇಕು. ಹೊಟ್ಟೆ ಬಹಳ ಹೊತ್ತು ಖಾಲಿಯಾದರೆ ರಕ್ತದ ಸಕ್ಕರೆ ಕುಸಿದು ನಡುಗಿ ಬೀಳುತ್ತವೆ.

ಈರುಳ್ಳಿ, ಬೆಳ್ಳುಳ್ಳಿ ಹಸಿಯಾದರೂ ಬೇಯಿಸಿದರೂ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಸಾರು, ಗಸಿ ಕಲಸಿದ ಅನ್ನ ಬೇಡ ಎನ್ನಲು ಇಷ್ಟು ಸಾಕು. ದ್ರಾಕ್ಷಿ ಮತ್ತು ಪಾಯಸದ ಒಣದ್ರಾಕ್ಷಿ ಮೂತ್ರಪಿಂಡಕ್ಕೆ, ಚಾಕೊಲೇಟ್ ಹೃದಯಕ್ಕೆ ಕೆಡುಕು. ಸಕ್ಕರೆ ಇಲ್ಲದ ಸಿಹಿಗಳಲ್ಲಿರುವ ಜೈಲಿಟಾಲ್ ನಿಮಿಷಗಳಲ್ಲೇ ಅಪಾಯ ತರುತ್ತದೆ. ಬೇಯಿಸಿದ ಕೋಳಿಮೂಳೆ ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತದೆ. ಕಡಲತೀರದಲ್ಲಿ ಬಲೆಯಿಂದ ಬಿಸಾಡಿದ ಪಫರ್ ಮೀನಿನಲ್ಲಿ ನರಗಳನ್ನು ಸ್ತಬ್ಧಗೊಳಿಸುವ ವಿಷವಿರುವುದರಿಂದ ಅಲ್ಲಿ ನಾಯಿಯನ್ನು ಹಗ್ಗ ಬಿಚ್ಚಿ ಬಿಡಬಾರದು.

ಮಳೆಗಾಲ, ಉಣ್ಣಿ ಮತ್ತು ಚರ್ಮ

ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಬೀಳುವ ಊರಿನಲ್ಲಿ ನಾಯಿಯ ಮೈ ಒಣಗಿಸುವುದೇ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಖ್ಯ ಕೆಲಸ. ಸ್ಪಿಟ್ಜ್ ರಕ್ತದ ನಾಯಿಗೆ ಎರಡು ಪದರದ ಕೂದಲು; ಮೇಲ್ಪದರ ಒಣಗಿದಂತೆ ಕಂಡರೂ ಒಳಪದರ ಒದ್ದೆಯಾಗಿಯೇ ಇರುತ್ತದೆ. ಅಲ್ಲಿ ಶಿಲೀಂಧ್ರ ಬೆಳೆದು ತುರಿಕೆ, ಹುಳಿವಾಸನೆ, ಕಿವಿಯ ಸೋರಿಕೆ ಶುರುವಾಗುತ್ತದೆ. ತಿರುಗಾಟದಿಂದ ಬಂದ ಕೂಡಲೇ ಬೆರಳುಗಳ ಸಂದು, ಹೊಟ್ಟೆ, ಕಿವಿಯ ಹಿಂಭಾಗ ಒರೆಸಬೇಕು. ಸ್ನಾನ ಮೂರು ನಾಲ್ಕು ವಾರಕ್ಕೊಮ್ಮೆ ಸಾಕು. ಎರಡು ಪದರದ ಕೂದಲನ್ನು ಸೆಖೆಗೆಂದು ಬೋಳಿಸಬಾರದು, ಬಿಸಿಲಿನಿಂದ ಚರ್ಮ ಕಾಯುವುದೂ ಅದೇ. ದಿನವೂ ಬಾಚಿ ಉದುರುಕೂದಲು ತೆಗೆದರೆ ಗಾಳಿಯಾಡುತ್ತದೆ.

ಉಣ್ಣಿ ಈ ಹವೆಗೆ ಹೇಳಿ ಮಾಡಿಸಿದ ಶತ್ರು. ನಾಯಿಯ ಕಂದು ಉಣ್ಣಿ ಮರಿ, ಎಳೆ ಉಣ್ಣಿ, ಬಲಿತ ಉಣ್ಣಿ ಎಂಬ ಮೂರೂ ಹಂತಗಳಲ್ಲಿ ರಕ್ತ ಹೀರಿ, ಪ್ರತಿಸಲವೂ ಕೆಳಗುದುರಿ ಗೋಡೆಯ ಬಿರುಕಿನಲ್ಲಿ ಅಡಗುತ್ತದೆ. ಒಂದು ಹೆಣ್ಣು ಉಣ್ಣಿ ಸಾವಿರಾರು ಮೊಟ್ಟೆಯಿಡುತ್ತದೆ. ಕೆಂಪುಕಲ್ಲಿನ ಪಾಗಾರದ ತೂತುಗಳು, ಸೌದೆಕೊಟ್ಟಿಗೆ, ನಾಯಿಗೂಡಿನ ಮೂಲೆ ಅದಕ್ಕೆ ಪ್ರಶಸ್ತ ಜಾಗ. ನಾಯಿಯ ಮೈಯಿಂದ ಹೆಕ್ಕಿದಷ್ಟಕ್ಕೇ ಉಣ್ಣಿ ಮುಗಿಯದಿರಲು ಕಾರಣ ಇದು. ಮೈಗೂ ಮನೆಗೂ ಒಟ್ಟಿಗೇ ಚಿಕಿತ್ಸೆಯಾಗಬೇಕು. ಉಣ್ಣಿಯಿಂದ ಬರುವ ಎರ್ಲಿಕಿಯಾ ಮತ್ತು ಬಬೇಸಿಯಾ ಸೋಂಕುಗಳಲ್ಲಿ ಜ್ವರ, ಊಟ ಬಿಡುವುದು, ಒಸಡು ಬಿಳಿಚುವುದು ಕಾಣುತ್ತದೆ. ಎರ್ಲಿಕಿಯಾದಲ್ಲಿ ಮೂಗಿನಿಂದ ರಕ್ತ ಬರಬಹುದು, ಬಬೇಸಿಯಾದಲ್ಲಿ ಮೂತ್ರ ಕಂದಾಗಬಹುದು. ರಕ್ತಪರೀಕ್ಷೆಯಿಂದ ಬೇಗ ಪತ್ತೆಯಾದರೆ ಎರಡೂ ಗುಣವಾಗಬಲ್ಲವು.

ಉಣ್ಣಿಯ ಮಾತ್ರೆ, ಬೆನ್ನಿಗೆ ಹನಿಸುವ ಔಷಧ, ಕುತ್ತಿಗೆಪಟ್ಟಿ ಎಲ್ಲವೂ ತೂಕಕ್ಕೆ ತಕ್ಕ ಅಳತೆಯಲ್ಲಿ ಬರುತ್ತವೆ. ದೊಡ್ಡ ನಾಯಿಯ ಮಾತ್ರೆಯನ್ನು ಕಣ್ಣಳತೆಯಲ್ಲಿ ಮುರಿದು ಕೊಡಬಾರದು. ದನಕ್ಕೆಂದು ತಂದ ಉಣ್ಣಿಯೆಣ್ಣೆಯನ್ನು ಅಂದಾಜಿನಲ್ಲಿ ನೀರಿಗೆ ಬೆರೆಸಿ ಸ್ನಾನ ಮಾಡಿಸುವುದು ಐದು ಕಿಲೋದ ನಾಯಿಗೆ ಜೀವಕ್ಕೇ ಎರವಾಗಬಹುದು. ಮನುಷ್ಯರ ನೋವಿನ ಮಾತ್ರೆಗಳಿಗೂ ಇದೇ ಮಾತು: ಪ್ಯಾರಾಸಿಟಮಾಲ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಯಾವುದನ್ನೂ ವೈದ್ಯರನ್ನು ಕೇಳದೆ ಕೊಡುವಂತಿಲ್ಲ.

ಮಳೆ ಶುರುವಾದೊಡನೆ ಅಂಗಳಕ್ಕೆ ಬರುವ ನೆಲಗಪ್ಪೆಯನ್ನು ಕಚ್ಚಿದ ನಾಯಿಯ ಬಾಯಲ್ಲಿ ನೊರೆ ಸುರಿಯುತ್ತದೆ. ತಲೆಯನ್ನು ಕೆಳಮುಖವಾಗಿ ಹಿಡಿದು ಒದ್ದೆ ಬಟ್ಟೆಯಿಂದ ಒಸಡು ಒರೆಸಿ, ಬಾಯಿ ತೊಳೆದು ವೈದ್ಯರಲ್ಲಿಗೆ ಒಯ್ಯಬೇಕು. ನಾಗರ ಅಥವಾ ಕನ್ನಡಿ ಹಾವು ಕಚ್ಚಿದೆ ಎಂಬ ಸಂಶಯವಿದ್ದರೆ ನಾಯಿಯನ್ನು ನಡೆಸದೆ ಎತ್ತಿಕೊಂಡೇ ಆಸ್ಪತ್ರೆಗೆ ಓಡಬೇಕು. ಕಾರ್ಕಳ, ಹೆಬ್ರಿ ಕಡೆಯ ಕಾಡಂಚಿನಲ್ಲೂ ಮಣಿಪಾಲದ ಹೊರವಲಯದಲ್ಲೂ ಚಿರತೆಯ ಓಡಾಟವಿದೆ. ಜಗಲಿಯಲ್ಲಿ ಕಟ್ಟಿಹಾಕಿದ ಸಣ್ಣ ನಾಯಿ ಅದಕ್ಕೆ ಸುಲಭದ ತುತ್ತು. ರಾತ್ರಿ ನಾಯಿ ಮನೆಯೊಳಗೇ ಮಲಗಬೇಕು.

ಸೆಖೆ ಮತ್ತು ಸದ್ದು

ನಾಯಿಗೆ ಮನುಷ್ಯರಂತೆ ಮೈಯೆಲ್ಲ ಬೆವರುವುದಿಲ್ಲ. ಏದುಸಿರು ಬಿಟ್ಟು, ನಾಲಿಗೆಯ ತೇವ ಆರಿಸಿ ಅದು ಮೈ ತಂಪು ಮಾಡಿಕೊಳ್ಳುತ್ತದೆ. ಗಾಳಿಯಲ್ಲೇ ತೇವ ತುಂಬಿರುವ ಏಪ್ರಿಲ್, ಮೇ ತಿಂಗಳ ಕರಾವಳಿಯಲ್ಲಿ ಈ ಉಪಾಯ ಸರಿಯಾಗಿ ಸಾಗದು. ಹಾಗಾಗಿ ಒಳನಾಡಿಗಿಂತ ಕಡಿಮೆ ಉಷ್ಣಾಂಶದಲ್ಲೂ ಇಲ್ಲಿ ನಾಯಿಗೆ ಶಾಖಾಘಾತವಾಗಬಹುದು. ನಾಯಿಯ ಸಹಜ ಮೈಬಿಸಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. 105 ದಾಟಿದರೆ ತುರ್ತು ಸ್ಥಿತಿ. ಹೊಟ್ಟೆ ಮತ್ತು ತೊಡೆಸಂದಿಗೆ ನಲ್ಲಿನೀರು ಹಾಕಿ ಫ್ಯಾನ್ ಕೆಳಗೆ ಮಲಗಿಸಿ ವೈದ್ಯರಿಗೆ ಕರೆ ಮಾಡಬೇಕು. ತಿರುಗಾಟ ಬೆಳಗ್ಗೆ ಏಳರೊಳಗೆ, ಸಂಜೆ ಆರರ ಮೇಲೆ. ಉಡುಪಿ–ಮಣಿಪಾಲ ಹೆದ್ದಾರಿಯ ಡಾಮರಿಗೆ ಅಂಗೈಯ ಹಿಂಬದಿ ಒತ್ತಿ ಐದು ಸೆಕೆಂಡ್ ಇಡಲಾಗದಿದ್ದರೆ ಅದು ನಾಯಿಯ ಪಾದಕ್ಕೂ ಬಿಸಿಯೇ. ವಾಹನ ಸಂಚಾರದ ಆ ರಸ್ತೆಗಿಂತ ಒಳದಾರಿಗಳು ಎಲ್ಲ ರೀತಿಯಲ್ಲೂ ಮೇಲು.

ಮನುಷ್ಯರ ಕಿವಿಗೆ 20 ಸಾವಿರ ಹರ್ಟ್ಜ್‌ವರೆಗಿನ ಸದ್ದು ಕೇಳಿದರೆ ನಾಯಿಗೆ ಸುಮಾರು 45 ಸಾವಿರದವರೆಗೆ ಕೇಳುತ್ತದೆ. ಕಡಿಯಾಳಿಯ ಗಣೇಶೋತ್ಸವ ಮತ್ತು ನವರಾತ್ರಿ, ವಿಟ್ಲಪಿಂಡಿಯ ಹುಲಿವೇಷದ ತಾಸೆ, ದೀಪಾವಳಿಯ ಪಟಾಕಿ, ಎರಡು ವರ್ಷಕ್ಕೊಮ್ಮೆ ಜನವರಿ 18ರ ಪರ್ಯಾಯದ ರಾತ್ರಿ ಸಣ್ಣ ನಾಯಿಗೆ ಕಷ್ಟದ ದಿನಗಳು. ಅಂದು ಕತ್ತಲಾಗುವ ಮೊದಲೇ ತಿರುಗಾಟ ಮುಗಿಸಿ, ಒಳಕೋಣೆಯಲ್ಲಿ ಹಾಸಿಗೆ ಹಾಕಿ, ಫ್ಯಾನು ಟಿವಿಯ ಸದ್ದು ಹಚ್ಚಿಡಬೇಕು. ಹೆದರಿದ ನಾಯಿಯನ್ನು ಸಂತೈಸಿದರೆ ಹೆದರಿಕೆ ಹೆಚ್ಚುತ್ತದೆ ಎಂಬುದು ಸುಳ್ಳು. ಕುತ್ತಿಗೆಪಟ್ಟಿಯಲ್ಲಿ ಫೋನ್ ಸಂಖ್ಯೆ ಇದ್ದರೆ ಬೆದರಿ ಓಡಿದ ನಾಯಿ ಮನೆ ಸೇರುವ ಸಾಧ್ಯತೆ ಹೆಚ್ಚು.

ಸಂತಾನಹರಣ

ಹೆಣ್ಣು ನಾಯಿಗೆ ಆರರಿಂದ ಹನ್ನೆರಡು ತಿಂಗಳೊಳಗೆ ಮೊದಲ ಬೆದೆ ಬರುತ್ತದೆ. ಗರ್ಭಾವಧಿ ಸುಮಾರು 63 ದಿನ. ಪುಟ್ಟ ಹೆಣ್ಣಿಗೆ ಬೀದಿಯ ದೊಡ್ಡ ಗಂಡು ಕೂಡಿದರೆ ಮರಿಯ ತಲೆ ಹೆರಿಗೆದಾರಿಯಲ್ಲಿ ಸಿಕ್ಕಿ ಶಸ್ತ್ರಕ್ರಿಯೆ ಬೇಕಾಗಬಹುದು. ಸಂತಾನಹರಣ ಶಸ್ತ್ರಕ್ರಿಯೆಯಿಂದ ಗರ್ಭಕೋಶಕ್ಕೆ ಕೀವು ತುಂಬುವ ಮಾರಕ ಕಾಯಿಲೆ ತಪ್ಪುತ್ತದೆ, ಬೇಗ ಮಾಡಿಸಿದರೆ ಸ್ತನದ ಗಡ್ಡೆಯ ಸಾಧ್ಯತೆ ಬಹಳ ಇಳಿಯುತ್ತದೆ. ಸಣ್ಣ ನಾಯಿಗಳಿಗೆ ಆರು ತಿಂಗಳ ಆಸುಪಾಸಿನಲ್ಲಿ ಇದನ್ನು ಮಾಡಬಹುದು. ಅನಂತರ ಆಹಾರ ತುಸು ತಗ್ಗಿಸಬೇಕು.

ಕಾನೂನು ಮತ್ತು ನೆರೆಹೊರೆ

1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಂ ಪ್ರಕಾರ ನಾಯಿಯನ್ನು ತೀರಾ ಗಿಡ್ಡ ಅಥವಾ ಭಾರವಾದ ಸರಪಳಿಯಲ್ಲಿ ದೀರ್ಘಕಾಲ ಕಟ್ಟಿಹಾಕುವುದು, ಕಟ್ಟಿಹಾಕಿಯೇ ಸಾಕುವ ನಾಯಿಗೆ ವ್ಯಾಯಾಮ ಕೊಡದಿರುವುದು, ಬೀದಿಗೆ ಬಿಟ್ಟು ಕೈತೊಳೆದುಕೊಳ್ಳುವುದು ಅಪರಾಧ. ಅಪಾರ್ಟ್‌ಮೆಂಟಿನ ಸಂಘಗಳು ನಾಯಿ ಸಾಕುವುದನ್ನೇ ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಮಾರ್ಗಸೂಚಿ ಹೇಳುತ್ತದೆ. ಅದೇ ಮಾರ್ಗಸೂಚಿ ಸಾಕುವವರ ಮೇಲೆ ಹೊಣೆಯನ್ನೂ ಹೊರಿಸಿದೆ: ಹೊರಗೆ ಹಗ್ಗ, ಮಲ ಎತ್ತುವ ಚೀಲ, ಲಸಿಕೆ. ಫ್ಲ್ಯಾಟಿನಲ್ಲಿ ಜಗಳಕ್ಕೆ ಕಾರಣವಾಗುವುದು ಹೆಚ್ಚಾಗಿ ಬೊಗಳುವಿಕೆ. ದಿನವಿಡೀ ಒಂಟಿಯಾಗಿರುವ ನಾಯಿ ಬೇಸರಕ್ಕೇ ಬೊಗಳುತ್ತದೆ. ದಿನಕ್ಕೆರಡು ಸಲ ಅರ್ಧ ಅರ್ಧ ಗಂಟೆ ನಡಿಗೆ, ಮೂಸಿ ಹುಡುಕಬೇಕಾದ ತಿಂಡಿಯ ಆಟ, ಬೀದಿ ಕಾಣುವ ಕಿಟಕಿಗೆ ಪರದೆ, ಇಷ್ಟರಿಂದ ಅದು ಬಹಳಷ್ಟು ತಗ್ಗುತ್ತದೆ.

ಮುಪ್ಪು

ಸಣ್ಣ ನಾಯಿಗೆ ಹತ್ತು ವರ್ಷ ದಾಟಿದ ಮೇಲೆ ಮುಪ್ಪು ಕಾಣತೊಡಗುತ್ತದೆ. ಕಣ್ಣಿನ ನೀಲಿ ಛಾಯೆ ಎಲ್ಲ ಸಲವೂ ಪೊರೆಯಲ್ಲ. ಮಸೂರ ಗಟ್ಟಿಯಾದರೂ ಹಾಗೆ ಕಾಣುತ್ತದೆ. ಮಲಗಿದಾಗ ಬರುವ ಕೆಮ್ಮು ಮತ್ತು ಬೇಗ ದಣಿಯುವುದು ಹೃದಯದ ಕವಾಟ ಸವೆದುದರ ಸೂಚನೆಯಾಗಿರಬಹುದು. ಈ ತೊಂದರೆ ಸಣ್ಣ ನಾಯಿಗಳಲ್ಲೇ ಹೆಚ್ಚು. ಅತಿಯಾಗಿ ನೀರು ಕುಡಿದು ಅತಿಯಾಗಿ ಮೂತ್ರ ಮಾಡಿದರೆ ಸಕ್ಕರೆಕಾಯಿಲೆ, ಮೂತ್ರಪಿಂಡದ ದೋಷಗಳ ಪರೀಕ್ಷೆಯಾಗಬೇಕು. ಆರು ತಿಂಗಳಿಗೊಮ್ಮೆ ರಕ್ತಪರೀಕ್ಷೆ, ಹಲ್ಲಿನ ತಪಾಸಣೆ, ತೂಕದ ದಾಖಲೆ ಸಾಕು. ಮಲಗಿ ನಿದ್ರಿಸುವ ನಾಯಿಯ ಉಸಿರನ್ನು ನಿಮಿಷಕ್ಕೆ ಎಣಿಸುವುದು ಮನೆಯಲ್ಲೇ ಮಾಡಬಹುದಾದ ಪರೀಕ್ಷೆ. ಅದು ಪದೇ ಪದೇ 30 ದಾಟಿದರೆ ವೈದ್ಯರಿಗೆ ತೋರಿಸಬೇಕು. ತಳಿಯ ದಾಖಲೆ ಇಲ್ಲದ ನಾಯಿಗೆ ಆಸರೆಯಾಗುವುದು ಅದರದೇ ದಾಖಲೆ. ಮರಿಯಾಗಿದ್ದಾಗಿನಿಂದ ತೂಕ, ಲಸಿಕೆ, ಬೆದೆ, ಜ್ವರ, ಕೊಟ್ಟ ಔಷಧಗಳ ವಿವರ ಬರೆದಿಟ್ಟ ಒಂದು ಪುಸ್ತಕ ಇದ್ದರೆ, ನಾಯಿಯನ್ನು ಮೊದಲ ಸಲ ನೋಡುವ ವೈದ್ಯರಿಗೂ ಚಿಕಿತ್ಸೆ ಎಲ್ಲಿಂದ ಶುರುಮಾಡಬೇಕೆಂದು ತಿಳಿಯುತ್ತದೆ.